ಕಾಲುಂಗುರಕ್ಕೆ ಕೊಬ್ಬರಿ ಎಣ್ಣೆ

ಗದಗಿನ ಪ್ಯಾಸೆಂಜರಿನಲ್ಲಿ ಎದುರು ಕೂತವಳು ನಮ್ಮ ಕಡೆಯವಳೇ, ಆದರೆ ಮುಂಬಯಿಯಲ್ಲಿ ಬ್ಯಾಲೆ ಕುಣಿಯುವವಳು. ಚಪ್ಪಲಿ ಬಿಟ್ಟು ಹೆಬ್ಬೆರಳಿನ ಗಾಯಕ್ಕೆ ಪಟ್ಟಿ ಸುತ್ತುತ್ತಿದ್ದಳು. ಕಾಲುಂಗುರ ಇರಲಿಲ್ಲ. ಬಿ.ಎಸ್ಸಿ. ಮುಗಿಸಿದ್ದ ನಾನು, ಮದುವೆಯಾಗಿಲ್ಲವೆಂದು ತೀರ್ಮಾನಿಸಿದೆ. ಹೆಬಸೂರಿನಲ್ಲಿ ಇಳಿಯಬೇಕಿದ್ದವನು ಇಳಿಯದೆ, ತುದಿಬೆರಳಿನ ಮೇಲೆ ನಿಂತಾಗ ಬೀಳುವ ಒತ್ತಡವನ್ನು ಅವಳಿಗೇ ವಿವರಿಸುತ್ತ ಕೂತೆ.

ಅಣ್ಣಿಗೇರಿ ಹತ್ತಿರವಾದಾಗ ಅವಳು ಪರ್ಸಿನಿಂದ ಬೆಳ್ಳಿಯ ಕಾಲುಂಗುರ ತೆಗೆದು, ಹೆಬ್ಬೆರಳಿನ ಪಕ್ಕದ ಊದಿದ ಬೆರಳಿಗೆ ತೂರಿಸಲು ಒದ್ದಾಡಿದಳು.

“ಕುಣಿಯೂ ಬೂಟಿನ್ಯಾಗ ಚುಚ್ಚತಾವಂತ ತೆಗೀತೀನ್ರಿ. ಅತ್ತಿಯವರು ಟೇಶನ್ನಿಗೆ ಬಂದಿರ್ತಾರ. ಬರೇ ಬೆರಳು ಕಂಡ್ರ ಕುಣಿಯೂದು ಬಂದ್.”

ಬಾಜೂ ಕೂತಿದ್ದ ಅಜ್ಜಿ ನನ್ನನ್ನು ತಿವಿದಳು. “ಬಾಯಿ ತಗದು ಏನ್ ನೋಡತೀಲೇ ತಮ್ಮಾ? ಚೀಲದಾಗ ಎಣ್ಣಿ ಐತೇನು?”

ಕೊಬ್ಬರಿ ಎಣ್ಣೆಯ ಸೀಸೆ ಕೊಟ್ಟೆ. ಉಂಗುರ ಸಲೀಸಾಗಿ ಕೂತಿತು.

ಅವಳ ಸಂಸಾರಕ್ಕೆ ನನ್ನ ವಿಜ್ಞಾನದಿಂದ ಏನೂ ಆಗಲಿಲ್ಲ. ತಲೆಗೆಂದು ತಂದಿದ್ದ ಎಣ್ಣೆಯಿಂದಾಯಿತು. ಅಣ್ಣಿಗೇರಿಯಲ್ಲಿ ಇಳಿದು, ಹೆಬಸೂರಿಗೆ ಮರಳುವ ಗಾಡಿ ಬರುವವರೆಗೂ ಇದನ್ನೇ ಯೋಚಿಸಿದೆ.