ದೆವ್ವದ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ

ಮೊನ್ನೆ ಯಲಹಂಕದ ಕಲ್ಯಾಣ ಮಂಟಪವೊಂದರಲ್ಲಿ ನಮ್ಮ ಆಫೀಸಿನವರೊಬ್ಬರ ಮಗನ ಆರತಕ್ಷತೆ. ಇಂಥ ಕಡೆ ನಾನು ನಡೆದುಕೊಳ್ಳುವ ಕ್ರಮ ನಿಮಗೂ ಹೊಸದಲ್ಲ. ಮೊದಲು ಊಟದ ಹಾಲ್ ಎಲ್ಲಿದೆ ನೋಡಿಕೊಳ್ಳುವುದು, ಆಮೇಲೆ ವೇದಿಕೆಯ ಸಾಲು ಎಷ್ಟು ಉದ್ದವಿದೆ ನೋಡುವುದು, ಉದ್ದವಿದ್ದರೆ ಉಡುಗೊರೆಯ ಕವರನ್ನು ಇನ್ನೊಬ್ಬರ ಕೈಗೆ ದಾಟಿಸಿ ನೇರವಾಗಿ ಎಲೆಯ ಮುಂದೆ ಕೂರುವುದು. ಅಂದೂ ಹಾಗೇ ಹೊರಟಿದ್ದೆ. ಅಷ್ಟರಲ್ಲಿ ದೀಪಗಳೆಲ್ಲ ಆರಿ, ವೇದಿಕೆಯ ಎರಡೂ ಬದಿಯಿಂದ ಬುಸ್ಸೆಂದು ಬಿಳಿ ಹೊಗೆ ಎದ್ದಿತು. ಈಗಿನ ವಧೂವರರು ಬಾಗಿಲಿನಿಂದ ಬರುವುದಿಲ್ಲವಷ್ಟೇ, ಹೊಗೆಯಿಂದ ಬರುತ್ತಾರೆ.

ಆ ಹೊಗೆಗೊಂದು ವಾಸನೆಯಿದೆ. ಸುಟ್ಟ ಸಕ್ಕರೆಯೂ ಅಲ್ಲ, ಊದುಬತ್ತಿಯೂ ಅಲ್ಲ, ಎರಡರ ನಡುವಿನದು. ಅದು ಮೂಗಿಗೆ ಬಿದ್ದದ್ದೇ ನನ್ನ ಬಲಗೈ ತಾನಾಗಿ ಹೋಗಿ ಪಕ್ಕದಲ್ಲಿ ನಿಂತಿದ್ದವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅವರು ನನಗೆ ಪರಿಚಯವೇ ಇಲ್ಲದ ಹಿರಿಯರು. ಮಗುವೇನೋ ಎಂದು ಕೆಳಗೆ ನೋಡಿದರು, ಆಮೇಲೆ ಮೇಲೆ ನೋಡಿದರು. ನಾನು ಕ್ಷಮೆ ಕೇಳಿ ಕೈ ಬಿಟ್ಟೆ. ಆದರೆ ನೆನಪು ಆಗಲೇ ರಾಜಾನುಕುಂಟೆಯ ದಾರಿ ಹಿಡಿದಾಗಿತ್ತು.

ಆರೇಳು ವರ್ಷದ ಹಿಂದಿನ ಮಾತು. ನನ್ನ ತಂಗಿ ರಮ್ಯಾಗೆ ಹುಡುಗನನ್ನು ನೋಡುತ್ತಿದ್ದ ಕಾಲ. ಗಂಗಾನಗರದ ನಮ್ಮ ಮನೆಗೆ ಒಬ್ಬರಾದ ಮೇಲೆ ಒಬ್ಬರು ಬಂದು, ಸೋಫಾದ ತುದಿಯಲ್ಲಿ ಕೂತು, ಕೇಸರಿಬಾತನ್ನು ಚಮಚದಲ್ಲಿ ಆ ಕಡೆ ಈ ಕಡೆ ಸರಿಸಿ, ತಮಗೆ ಸಿಂಪಲ್ ಹುಡುಗಿ ಸಾಕು ಎಂದು ಹೇಳಿ ಹೋಗುತ್ತಿದ್ದರು. ಹೋದ ಮೇಲೆ ಮನೆಯವರೆಲ್ಲ ಅವಳ ಸುತ್ತ ಕೂತು ಹೂಂ ಅನ್ನು, ಹೂಂ ಅನ್ನು ಎಂದು ಪೀಡಿಸುವುದು. ಒಂದು ಸಂಜೆ ಅವಳು ತಟ್ಟೆಗಳನ್ನು ಸಿಂಕಿಗೆ ಹಾಕುತ್ತಾ ನನಗೆ ಹೇಳಿದಳು: "ಕೇಸರಿಬಾತ್ ಮುಂದೆ ಎಲ್ರೂ ಒಳ್ಳೇವ್ರೇ ಕಣೋ. ಹೆದ್ರಿದಾಗ ಹೆಂಗಿರ್ತಾರೆ ಅಂತ ನೋಡ್ಬೇಕು."

ಹೀಗೆ ಹೇಳಿದವಳು ಸುಮ್ಮನಾಗಲಿಲ್ಲ. ರಾಜಾನುಕುಂಟೆಯಿಂದ ಮಂಜುನಾಥ ಎಂಬವರ ಸಂಬಂಧ ಬಂದಾಗ, ಮನೆಯಲ್ಲಿ ಬೇಡ, ಅದೇ ರಸ್ತೆಯಲ್ಲಿ ಆಚೆ ಇರುವ ಥೀಮ್ ಪಾರ್ಕಿನಲ್ಲಿ ಸಿಗೋಣ, ಅಲ್ಲಿ ಹ್ಯಾಲೋವೀನ್ ಅಂತ ದೆವ್ವದ ಮನೆ ಮಾಡಿದ್ದಾರೆ ಎಂದು ಹೇಳಿ ಕಳಿಸಿದಳು. ಆ ಕಡೆಯವರು ಒಪ್ಪಿದ್ದೇ ನಮಗೆ ಆಶ್ಚರ್ಯ. ಹುಡುಗ ಹಾಲೋ ಬ್ಲಾಕ್, ಅಂದರೆ ಸಿಮೆಂಟ್ ಇಟ್ಟಿಗೆ ಮಾಡುವ ಕಾರ್ಖಾನೆ ಇಟ್ಟುಕೊಂಡಿದ್ದರು. ಸಿಮೆಂಟ್ ಧೂಳಿನ ನಡುವೆ ಮನೆ ಎಂದು ಕಂಡ ಹೆಣ್ಣುಮಕ್ಕಳೆಲ್ಲ ಬೇಡವೆಂದಿದ್ದರಂತೆ. ಅವರ ತಾಯಿ ಪುಟ್ಟತಾಯಮ್ಮನವರು ಈ ಸಂಬಂಧಕ್ಕಾಗಿ ಸ್ಮಶಾನಕ್ಕೆ ಕರೆದರೂ ಬರುವ ಹಟದಲ್ಲಿದ್ದರು.

ಹೊರಡುವ ಮುಂಚೆ ರಮ್ಯಾ ನನ್ನಿಂದ ಒಂದು ಮಾತು ತೆಗೆದುಕೊಂಡಳು. ಅವಳಾಗಿ ಹೂಂ ಅನ್ನುವ ತನಕ ಅವಳ ಪರವಾಗಿ ಯಾರೂ ಹೂಂ ಅನ್ನಬಾರದು, ಅದನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು. ನಗುನಗುತ್ತಲೇ ಕೇಳಿದಳು, ಆದರೆ ಕಣ್ಣು ನಗುತ್ತಿರಲಿಲ್ಲ. ಅಷ್ಟೇ ತಾನೇ ಎಂದು ನಾನು ಮಾತು ಕೊಟ್ಟೆ.

ನಮ್ಮ ಮನೆಯ ಇಂಥ ಕೆಲಸಗಳಿಗೆಲ್ಲ ಮುಂದಾಳು ದೊಡ್ಡಮ್ಮ. ಅಮ್ಮನ ಅಕ್ಕ. ಅಮ್ಮ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದದ್ದರಿಂದ ಹೆಣ್ಣಿನ ಕಡೆಯ ಹಿರಿಯರು ಅವರೊಬ್ಬರೇ. ದೊಡ್ಡಮ್ಮನ ಬ್ಯಾಗಿನಲ್ಲಿ ಯಾವಾಗಲೂ ಕುಂಕುಮದ ಭರಣಿ, ಎಲೆ ಅಡಿಕೆ ಇರುತ್ತಿದ್ದವು. ಹೆಣ್ಣುಮಗಳೊಬ್ಬಳು ಎದುರಿಗೆ ಬಂದು ಬರಿ ಹಣೆಯಲ್ಲಿ, ಬರಿ ಕೈಯಲ್ಲಿ ಹೋಗುವುದನ್ನು ಅವರು ಸಹಿಸರು. ಕರೆಂಟ್ ಬಿಲ್ ಕೊಡಲು ಬಂದವಳಿಗೂ ಕೊಟ್ಟವರು, ಓಟು ಕೇಳಲು ಬಂದವಳಿಗೂ ಕೊಟ್ಟವರು. ಅದೇ ಎಲೆ ಅಡಿಕೆಗೆ ನಮ್ಮ ಮನೆಯಲ್ಲೂ ಹುಡುಗನ ಮನೆಯಲ್ಲೂ ಇನ್ನೊಂದು ಅರ್ಥವಿತ್ತು. ಹೆಣ್ಣಿನ ಕಡೆಯ ಹಿರಿಯರು ಹುಡುಗನ ತಾಯಿಗೆ ಕುಂಕುಮವಿಟ್ಟು ಕೈಗೆ ಎಲೆ ಅಡಿಕೆ ಕೊಟ್ಟರೆ ಸಂಬಂಧ ಗಟ್ಟಿಯಾಯಿತು ಎಂದೇ ಲೆಕ್ಕ. ಹಾಗಾಗಿ ಹೆಣ್ಣು ನೋಡುವ ದಿನ ಮಾತು ಮುಗಿಯುವ ತನಕ ದೊಡ್ಡಮ್ಮ ತಮ್ಮ ಬ್ಯಾಗಿನ ಜಿಪ್ಪನ್ನು ಬಹಳ ಎಚ್ಚರಿಕೆಯಿಂದ ಮುಚ್ಚಿಟ್ಟುಕೊಳ್ಳುತ್ತಿದ್ದರು.

ಭಾನುವಾರ ಸಂಜೆ ಐದಕ್ಕೆ ನಮ್ಮ ಪಾಳಿ. ದೆವ್ವದ ಮನೆಯ ಬಾಗಿಲಿಗೆ ಹೋದ ಮೇಲೆ ದೊಡ್ಡಮ್ಮ ಅಡ್ಡ ನಿಂತರು. ಆರು ಗಂಟೆಯ ತನಕ ರಾಹುಕಾಲ, ಯಾರೂ ಒಳಗೆ ಕಾಲಿಡುವಂತಿಲ್ಲ. ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ಒಳಗೆ ಇರುವುದೇ ದೆವ್ವಗಳು ಮೇಡಂ ಎಂದು ತಿಳಿಹೇಳಿ ನೋಡಿದ. ದೆವ್ವ ಅದರ ಪಾಡಿಗೆ ಇರಲಿ, ರಾಹುಕಾಲದಲ್ಲಿ ಶುಭಕಾರ್ಯಕ್ಕೆ ಹೋಗುವುದು ಹೇಗೆ ಎಂದು ದೊಡ್ಡಮ್ಮ ಕೇಳಿದರು. ಪುಟ್ಟತಾಯಮ್ಮನವರು ಜೋರಾಗಿ ತಲೆಯಾಡಿಸಿದರು. ಎರಡು ಮನೆಗಳ ನಡುವೆ ಮೂಡಿದ ಮೊದಲ ಒಮ್ಮತ ಅದು.

ಕಾಯುವಾಗ ಬಾಗಿಲ ಬಳಿ ಕಣ್ಣು ಬಾಯಿ ಕೊರೆದು ಇಟ್ಟಿದ್ದ ಕುಂಬಳಕಾಯಿಯ ಮೇಲೆ ಚರ್ಚೆ ನಡೆಯಿತು. ಹ್ಯಾಲೋವೀನ್ ಎಂದರೆ ಫಾರಿನ್ನಿನವರ ಪಿತೃಪಕ್ಷ ಎಂದು ನಾನು ದೊಡ್ಡಮ್ಮನಿಗೆ ಮೊದಲೇ ವಿವರಿಸಿದ್ದೆ. ಅವರು ಕಾಯಿಯನ್ನು ಪರೀಕ್ಷಿಸಿ, ದೃಷ್ಟಿಗೆ ಕಟ್ಟುವುದು ಬೂದುಗುಂಬಳ, ಇವರು ಪಾಪ ತಿಳಿಯದೆ ಸಿಹಿಗುಂಬಳ ಇಟ್ಟಿದ್ದಾರೆ, ಅದೂ ನೆಲದ ಮೇಲೆ ಎಂದು ಕನಿಕರಪಟ್ಟರು. ಪುಟ್ಟತಾಯಮ್ಮನವರ ಚಿಂತೆ ಬೇರೆ. "ಇಂಗ್ ಕೊರ್ದು ಹಾಳ್ ಮಾಡೋ ಬದ್ಲು ಉಳಿ ಮಾಡಿದ್ರೆ ಅತ್ತು ಜನ ಉಣ್ತಿದ್ರು" ಎಂದರು. ಮಂಜುನಾಥ ಮಾತ್ರ ಒಂದು ಮಾತೂ ಆಡದೆ, ಇಸ್ತ್ರಿ ಮಾಡಿದ ಶರ್ಟಿನಲ್ಲಿ ಬೆವರುತ್ತಾ ನಿಂತಿದ್ದರು. ಇವರ ಕತೆ ಇಷ್ಟೇ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಆರು ಹೊಡೆದ ಮೇಲೆ ಐದೂ ಜನ ಒಳಗೆ ಹೋದೆವು. ಮುಂದೆ ರಮ್ಯಾ, ಹಿಂದೆ ಪುಟ್ಟತಾಯಮ್ಮ, ಆಮೇಲೆ ದೊಡ್ಡಮ್ಮ, ಕೊನೆಯಲ್ಲಿ ನಾನು ಮತ್ತು ಮಂಜುನಾಥ. ಕತ್ತಲೆಯ ಸಣ್ಣ ಓಣಿಗಳು, ತಿರುಗಿದಲ್ಲೆಲ್ಲ ತಿರುವು, ಆ ಹೊಗೆ, ಆ ವಾಸನೆ. ಇದೆಲ್ಲ ಥರ್ಮಾಕೋಲ್ ಎಂದು ನಾನು ವಿವರಿಸಲು ಶುರುಮಾಡಿದ್ದೆ. ಗೋಡೆಯಿಂದ ಒಂದು ಕೈ ಹೊರಗೆ ಬಂದು ನನ್ನ ಕಾಲರ್ ಮುಟ್ಟಿತು. ಮುಂದಿನ ಮಾತು ಗಂಟಲಿನಿಂದ ಬೇರೆಯೇ ಸ್ವರದಲ್ಲಿ ಬಂತು. ಸೆಕೆಂಡಿನೊಳಗೆ ನಾನು ಮಂಜುನಾಥರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಅವರು ಬಿಡಿಸಿಕೊಳ್ಳಲಿಲ್ಲ. "ಕಣ್ ಮುಚ್ಕೊಂಡ್ ಬನ್ನಿ ಭಾವ, ನಾನ್ ನಡೆಸ್ಕೊಂಡ್ ಹೋಗ್ತೀನಿ" ಎಂದರು. ಹೇಳುತ್ತಲೇ ಅವರೂ ಗೋಡೆಯಿಂದ ಒಂದು ಹೆಜ್ಜೆ ದೂರ ಸರಿದರು. ಭಾವ ಎಂದದ್ದನ್ನು ಸರಿಪಡಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಒಂದು ತಿರುವಿನಲ್ಲಿ ನೀಲಿ ದೀಪ ಮಿಣಕ್ ಮಿಣಕ್ ಎನ್ನುತ್ತಿತ್ತು. ಅಲ್ಲಿ ಬಿಳಿ ಸೀರೆಯ, ಕೂದಲು ಬಿಚ್ಚಿದ ಹೆಣ್ಣು ದೆವ್ವವೊಂದು ಕಿರುಚುತ್ತಾ ನಮ್ಮ ಮೇಲೆ ಬಂತು. ಹಣೆ ಬರಿದು. ಪುಟ್ಟತಾಯಮ್ಮನವರು ಬೆಚ್ಚಿ ಹಿಂದಕ್ಕೆ ಹಾರಿದಾಗ ತೂಗುಬಿಟ್ಟಿದ್ದ ಅಸ್ಥಿಪಂಜರಕ್ಕೆ ತುರುಬು ಸಿಕ್ಕಿ ಬಿಚ್ಚಿಹೋಯಿತು. ದೆವ್ವ ತನ್ನ ಕೆಲಸ ಮುಗಿಸಿ ಪರದೆಯ ಹಿಂದೆ ಸರಿಯಿತು. ಅಷ್ಟು ಹೊತ್ತು ದೊಡ್ಡಮ್ಮ ಆ ಬರಿ ಹಣೆಗೆ ಕುಂಕುಮ ತೆಗೆಯಲೆಂದು ತಲೆ ಬಗ್ಗಿಸಿ ಬ್ಯಾಗಿನ ಜಿಪ್ಪಿನೊಡನೆ ಗುದ್ದಾಡುತ್ತಿದ್ದರು. ತಲೆ ಎತ್ತಿದಾಗ ಎದುರಿಗೆ ಕೂದಲು ಬಿಚ್ಚಿಕೊಂಡು ನಿಂತಿದ್ದವರು ಪುಟ್ಟತಾಯಮ್ಮ. ಆ ನೀಲಿ ಬೆಳಕಿನಲ್ಲಿ, ದೊಡ್ಡಮ್ಮನ ಕನ್ನಡಕವಿಲ್ಲದ ಕಣ್ಣಿಗೆ, ಅವರ ಹಳದಿ ರೇಷ್ಮೆ ಸೀರೆಯೂ ಬಿಳಿಯೇ. "ಸಾಯಂಕಾಲದ ಹೊತ್ತು ಬರಿ ಹಣೇಲಿ ಇರ್ಬಾರ್ದು ಕಣಮ್ಮ, ತಗೋ" ಎನ್ನುತ್ತಾ ದೊಡ್ಡಮ್ಮ ಅವರ ಹಣೆಯ ತುಂಬ ಕುಂಕುಮ ಬಳಿದು, ಕೈ ಹಿಡಿದು ಎಲೆ ಅಡಿಕೆಯನ್ನು ಒತ್ತಿ ಕೊಟ್ಟರು. ನಾನು ಆಗ ಒಂದೇ ಒಂದು ಕಣ್ಣು ತೆರೆದಿದ್ದೆ. ಅಷ್ಟು ಸಾಕಾಯಿತು.

ಹೊರಗೆ ಬಂದಾಗ ಪುಟ್ಟತಾಯಮ್ಮನವರ ಮುಖ ನೋಡಬೇಕಿತ್ತು ನೀವು. ಮೂಗಿನ ತನಕ ಕುಂಕುಮ, ಹೆಗಲ ತುಂಬ ಕೂದಲು, ಕೈಯಲ್ಲಿ ಎಲೆ ಅಡಿಕೆ, ಕಣ್ಣಲ್ಲಿ ನೀರು. ರಮ್ಯಾಳ ಗಲ್ಲ ಮುಟ್ಟಿ ದೃಷ್ಟಿ ತೆಗೆದರು. "ಎಲೆ ಅಡ್ಕೆ ಕೈಗ್ ಬಂತು, ಇನ್ನೇನೈತೆ ಬುಡಿ" ಎಂದು, ಮದುವೆಯನ್ನು ಮಾಘದಲ್ಲಿ ಇಟ್ಟುಕೊಳ್ಳೋಣವೋ ವೈಶಾಖದಲ್ಲೋ ಎಂದು ಕೇಳತೊಡಗಿದರು. ದೊಡ್ಡಮ್ಮ ಆ ಎಲೆ ಅಡಿಕೆಯನ್ನು ನೋಡಿದರು, ತಮ್ಮ ಬ್ಯಾಗನ್ನು ನೋಡಿದರು, ಮುಖದ ಬಣ್ಣ ಇಳಿದುಹೋಯಿತು. ರಮ್ಯಾ ನನ್ನನ್ನು ನೋಡಿದಳು. ಅವಳ ಮುಖ ಒಳಗೆ ಯಾವ ದೆವ್ವಕ್ಕೂ ಬಿಳಿಚಿರಲಿಲ್ಲ, ಈಗ ಬಿಳಿಚಿತ್ತು.

ಮಾತಾಡಬೇಕಾದವನು ನಾನು. ಆದರೆ ಯೋಚಿಸಿ ನೋಡಿ, ಸಂತೋಷದಿಂದ ಅಳುತ್ತಿರುವ ಹೆಂಗಸಿಗೆ ನಿಮ್ಮನ್ನು ದೆವ್ವವೆಂದುಕೊಂಡು ಕೊಟ್ಟದ್ದು ಎಂದು ಯಾವ ಬಾಯಲ್ಲಿ ಹೇಳುವುದು? ನಾನು ಗಂಟಲು ಸರಿಮಾಡಿಕೊಂಡು, ಟ್ರಾಫಿಕ್ ಜಾಸ್ತಿಯಾಗುವ ಮುಂಚೆ ಹೊರಡುವುದು ಒಳ್ಳೆಯದು ಎಂದೆ.

ಆಗ ಮಂಜುನಾಥ ಮುಂದೆ ಬಂದರು. ತಾಯಿಯ ಮಾತಿಗೆ ಎದುರಾಡಿ ಅಭ್ಯಾಸವಿಲ್ಲದ ಮನುಷ್ಯ ಎಂಬುದು ನಿಂತ ರೀತಿಯಲ್ಲೇ ಕಾಣುತ್ತಿತ್ತು. ಬೆವರು ಕಿವಿಯಿಂದ ಇಳಿಯುತ್ತಿತ್ತು.

"ಅಮ್ಮ, ಅದು ಲೆಕ್ಕಕ್ಕಿಲ್ಲ. ಕತ್ಲಲ್ಲಿ ಅವ್ರು ನಿನ್ನ ದೆವ್ವ ಅಂದ್ಕೊಂಡ್ ಕೊಟ್ಟಿದ್ದು. ಇವ್ರು ಇನ್ನೂ ಹೂಂ ಅಂದಿಲ್ಲ."

ಪುಟ್ಟತಾಯಮ್ಮನವರು ಮಗನನ್ನು ನೋಡಿದರು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, ನಿಜವೇ ಎಂದು ಕೇಳಿದರು. ದೊಡ್ಡಮ್ಮ ನೆಲ ನೋಡುತ್ತಾ, ಕೂದಲು ಬಿಚ್ಚಿತ್ತು ಎಂದರು. ಸಂದರ್ಭ ಸುಧಾರಿಸಲೆಂದು ನಾನು, ಒಳ್ಳೆಯ ದೆವ್ವ ಎಂದುಕೊಂಡೇ ಕೊಟ್ಟದ್ದು ಎಂದು ಸೇರಿಸಿದೆ. ಪುಟ್ಟತಾಯಮ್ಮನವರ ಹೊಟ್ಟೆ ಮೊದಲು ಅಲುಗಾಡಿತು, ಆಮೇಲೆ ಭುಜ. ನಗುತ್ತಾ ನಗುತ್ತಾ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ತಮ್ಮ ಅತ್ತೆಯೂ ಜೀವಮಾನವಿಡೀ ತಮ್ಮನ್ನು ದೆವ್ವ ಎಂದೇ ಹೇಳುತ್ತಿದ್ದರಂತೆ, ಆದರೆ ಎಂದೂ ಎಲೆ ಅಡಿಕೆ ಕೊಟ್ಟಿರಲಿಲ್ಲವಂತೆ.

ನಕ್ಕರೂ ಅವರ ಮುಖದಲ್ಲಿ ಆಸೆ ಬತ್ತಿದ್ದು ಕಾಣುತ್ತಿತ್ತು. ಕೊಟ್ಟ ಎಲೆ ಅಡಿಕೆಯನ್ನು ಕೊಟ್ಟವರ ಕೈಗೇ ಹಿಂದಿರುಗಿಸಬಾರದು, ಅದು ಯಾರಿಗೆಂದು ತೆಗೆದದ್ದೋ ಅವರಿಗೇ ಸೇರಬೇಕು ಎಂದು ಎದ್ದರು. ಸೆಕ್ಯುರಿಟಿಯವನನ್ನು ಹಿಡಿದು ದೆವ್ವವನ್ನು ಕರೆಸಿದರು. ಹಿಂದಿನ ಬಾಗಿಲಿನಿಂದ ಬಂದದ್ದು ಕೈಯಲ್ಲಿ ಕಾಫಿಯ ಪೇಪರ್ ಕಪ್ ಹಿಡಿದ ಕಾಲೇಜು ಹುಡುಗಿ. ಪುಟ್ಟತಾಯಮ್ಮನವರು ಯಾರ ಮಗಳು, ಯಾವ ಊರು ಎಂದು ವಿಚಾರಿಸಿ ಎಲೆ ಅಡಿಕೆ ಕೊಟ್ಟರು, ದೊಡ್ಡಮ್ಮ ಈ ಸಲ ಕನ್ನಡಕ ಹಾಕಿಕೊಂಡು ಕುಂಕುಮ ಇಟ್ಟರು. ದೆವ್ವ ಇಬ್ಬರ ಕಾಲಿಗೂ ನಮಸ್ಕಾರ ಮಾಡಿತು. ಸಾಲಿನಲ್ಲಿದ್ದ ಜನ ಅದನ್ನೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ಹೊಡೆದರು.

ಈ ಗಲಾಟೆಯಲ್ಲಿ ರಮ್ಯಾ ಮಂಜುನಾಥರ ಪಕ್ಕಕ್ಕೆ ಹೋಗಿ ನಿಂತದ್ದನ್ನು ಯಾರೂ ಗಮನಿಸಲಿಲ್ಲ, ನನ್ನನ್ನು ಬಿಟ್ಟು. ಅಷ್ಟು ಹೊತ್ತು ಆ ಮನುಷ್ಯ ಕೈ ಹಿಡಿದು ನಡೆಸಿದ್ದು ನನ್ನನ್ನು, ಅವಳ ಜೊತೆ ಒಂದು ಮಾತೂ ಆಗಿರಲಿಲ್ಲ.

"ಒಳಗಡೆ ಭಯ ಆಯ್ತಾ?" ಎಂದು ಕೇಳಿದಳು.

"ತುಂಬಾ ಆಯ್ತು ರೀ."

"ಈಗ?"

ಅವರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. "ಈಗ ಇನ್ನೂ ಜಾಸ್ತಿ ಆಗ್ತಿದೆ" ಎಂದರು.

ರಮ್ಯಾ ಹೂಂ ಎಂದು ಬಾಯಿಬಿಟ್ಟು ಅಂದದ್ದು ನನಗೆ ಕೇಳಿಸಲೇ ಇಲ್ಲ. ದೆವ್ವದ ಹಣೆಯ ಕುಂಕುಮ ಸರಿಮಾಡುತ್ತಿದ್ದ ದೊಡ್ಡಮ್ಮನ ಹತ್ತಿರ ಹೋಗಿ, ಬ್ಯಾಗಿನಲ್ಲಿ ಇನ್ನೊಂದು ಜೊತೆ ಎಲೆ ಅಡಿಕೆ ಇದೆಯೇ ಎಂದು ಕೇಳಿದಳು. ಇದೆ, ಯಾಕೆ ಎಂದರು ದೊಡ್ಡಮ್ಮ.

"ಅತ್ತೆಗೆ ಕೊಡಿ ದೊಡ್ಡಮ್ಮ. ಲೈಟ್ ಕೆಳ್ಗಡೆ ನಿಂತ್ಕೊಂಡು ಕೊಡಿ."

ಪುಟ್ಟತಾಯಮ್ಮನವರು ಅವಸರವಾಗಿ ತುರುಬು ಕಟ್ಟಿಕೊಳ್ಳಲು ಹೋದರು, ಅದು ಕಟ್ಟಿದಷ್ಟೂ ಜಾರುತ್ತಿತ್ತು. ಕೊನೆಗೆ ಆ ದೆವ್ವವೇ ಕಾಫಿ ಕಪ್ಪನ್ನು ಬೆಂಚಿನ ಮೇಲಿಟ್ಟು ಅವರಿಗೆ ತುರುಬು ಕಟ್ಟಿತು.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಯಲಹಂಕದ ವೇದಿಕೆಯ ಹೊಗೆ ಇಳಿದಿತ್ತು. ಮದುಮಗ ಶೇರ್ವಾನಿಯೊಳಗೆ ಬೆವರುತ್ತಾ, ಫೋಟೋದವರು ಹೇಳಿದ ಕಡೆಗೆಲ್ಲ ಕತ್ತು ತಿರುಗಿಸುತ್ತಿದ್ದ. ನಾನು ಊಟದ ಹಾಲಿನ ಕಡೆ ಹೋಗಲಿಲ್ಲ. ಯಾಕೆಂದು ಕೇಳಬೇಡಿ, ಅಷ್ಟು ಉದ್ದದ ಸಾಲಿನ ಕೊನೆಗೆ ಹೋಗಿ ನಿಂತೆ. ಸುಮ್ಮನೆ ಸಂತೋಷವಾಗುತ್ತಿತ್ತು. ನನ್ನ ಸರದಿ ಬಂದಾಗ ಶುಭವಾಗಲಿ ಎನ್ನುವ ಬದಲು, ಭಯ ಆಗ್ತಿದೆಯಾ ಎಂದು ಅವನ ಕಿವಿಯಲ್ಲಿ ಕೇಳಿದೆ.

"ಹೂಂ ಅಂಕಲ್" ಎಂದ, ಬಹಳ ಮೆಲ್ಲಗೆ.

"ಅದನ್ನ ಅವಳಿಗೆ ಹೇಳಪ್ಪ" ಎಂದೆ. ಅವನು ಮದುಮಗಳ ಕಡೆ ತಿರುಗಿ ಏನೋ ಹೇಳಿದ. ಅವಳು ಇಷ್ಟಗಲ ಕಣ್ಣು ಬಿಟ್ಟು, ತನಗೂ ಅಷ್ಟೇ ಎನ್ನುವಂತೆ ತಲೆಯಾಡಿಸಿದಳು. ಇಬ್ಬರೂ ಆ ಸಂಜೆ ಮೊದಲ ಸಲ ಕ್ಯಾಮೆರಾ ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಫೋಟೋದವರು ಈ ಕಡೆ ನೋಡಿ, ಈ ಕಡೆ ನೋಡಿ ಎಂದು ಕರೆಯುತ್ತಲೇ ಇದ್ದರು.