ಗಸಗಸೆ ನಿಲ್ಲುವ ಖಾನೆ

೧೯೪೭ರ ದಸರೆ ಮುಗಿದ ಮೇಲೆ ನಾನು ನಿಂಬರ್ಗಾದಿಂದ ಚೌಡಾಪುರಕ್ಕೆ, ಬಡಗಿ ಕೆಲಸ ಮಾಡುತ್ತಿದ್ದ ಸೋದರಮಾವನ ಮನೆಗೆ ಬಂದೆ. ಅಪ್ಪನಿಗೆ ಅದು ಒಪ್ಪಿಗೆ ಇರಲಿಲ್ಲ. ಹೊಲದಲ್ಲಿ ಕೈ ಕಡಿಮೆಯಿತ್ತು. ಎಳ್ಳಮವಾಸ್ಯೆಗೆ ಕರೆಯಲು ಬರುತ್ತೇನೆ, ಅಷ್ಟರಲ್ಲಿ ಕೆಲಸ ಕೈಗೆ ಹತ್ತದಿದ್ದರೆ ಹಬ್ಬದ ನಂತರ ಮರಳಿ ಕಳಿಸುವುದಿಲ್ಲ ಎಂದಿದ್ದರು.

ಆಗ ಊರಿನ ಕಿರಾಣಿ ಅಂಗಡಿಯವರು ಮಸಾಲೆ ಇಡಲು ಎಳೆದು ತೆಗೆಯುವ ಚಿಕ್ಕ ಖಾನೆಗಳ ಪೆಟ್ಟಿಗೆಯೊಂದನ್ನು ಮಾಡಿಕೊಡಲು ಮಾವನಿಗೆ ಹೇಳಿದ್ದರು. ಮೊಳೆ ಸಿಗುವುದು ಕಷ್ಟವಾಗಿದ್ದ ದಿನಗಳು. ಮೂಲೆಗಳನ್ನು ಹಲಗೆಗೆ ಹಲಗೆ ಕಚ್ಚಿಸಿಯೇ ಕೂಡಿಸಬೇಕಿತ್ತು: ಒಂದರಲ್ಲಿ ತುದಿಗೆ ಅಗಲವಾಗುವ ಹಲ್ಲು, ಇನ್ನೊಂದರಲ್ಲಿ ಅವು ಕೂರುವ ಕಚ್ಚು. ಮಾವ ಒಡಕು ತುಂಡುಗಳನ್ನು ಕೊಟ್ಟು, ಇದರ ಮೇಲೆ ಕೈ ಪಳಗಲಿ, ಆಮೇಲೆ ಒಂದು ಖಾನೆ ನಿನ್ನದು ಎಂದರು.

ನಾನು ಎಲ್ಲವನ್ನೂ ಅಳೆದೇ ಮಾಡುವವನು. ಹಲ್ಲುಗಳ ಅಳತೆ ಬರೆದುಕೊಂಡು, ಅದೇ ಅಳತೆಗೆ ಇನ್ನೊಂದು ಹಲಗೆಯ ಮೇಲೆ ಗೆರೆ ಹಾಕುತ್ತಿದ್ದೆ. ದಿನಕ್ಕೊಂದು ಮೂಲೆ, ತುಂಡಿನ ಹಿಂದೆ ತಾರೀಖು. ಮೊದಲ ತಿಂಗಳಲ್ಲಿ ಬಿಗಿಯಾಗಿ ಕೂತವು ಎರಡೇ. ಒಮ್ಮೆ ಸಂದಿಗೆ ಸರಸಿನ ಅಂಟು ಕಲಸಿದ ಮರದ ಹೊಟ್ಟು ತುಂಬಿದೆ. ಮಾವ ಅದನ್ನು ಉಳಿಯಿಂದ ಕೆದರಿ ತೆಗೆದರು.

“ನಿನ್ನ ಖಾನ್ಯಾಗ ಗಸಗಸಿ ಇರ್ಲಿ, ಕಡ್ಲಿನೂ ನಿಲ್ಲಂಗಿಲ್ಲಲೇ,” ಎಂದರು.

ಒಂದು ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಕುಬಸ ಕತ್ತರಿಸುತ್ತಿದ್ದರು. ಹಳೆಯ ಕುಬಸದ ಹೊಲಿಗೆ ಬಿಚ್ಚಿ, ಹೊಸ ಬಟ್ಟೆಯ ಮೇಲೆ ಹಾಸಿ, ಅಂಚಿಗೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಅಳೆಯುವುದಿಲ್ಲವೇ ಎಂದು ಕೇಳಿದೆ.

“ಇದರ ಒಂದು ತೋಳು ಸಣ್ಣದು, ಒಂದು ದೊಡ್ಡದು. ನನ್ನ ಕೈನೂ ಹಂಗೇ ಅವ. ಅಳತಿ ಹಚ್ಚಿದ್ರ ಎರಡೂ ಒಂದಾಗಿ ಬಿಡ್ತಾವ,” ಎಂದರು.

ನಾನು ಕೊಯ್ದ ಹಲ್ಲುಗಳೂ ಹಾಗೆಯೇ ಇದ್ದವು. ಗರಗಸ ಎಲ್ಲೋ ಕೂದಲೆಳೆಯಷ್ಟು ಆಚೆ ಹೋಗಿರುತ್ತಿತ್ತು. ನಾನು ಮಾತ್ರ ಬರೆದಿಟ್ಟ ಅಳತೆಗೇ ಕಚ್ಚು ಕೊಯ್ಯುತ್ತಿದ್ದೆ. ಮರುದಿನ, ಕೊಯ್ದ ಹಲ್ಲುಗಳನ್ನೇ ಎರಡನೆಯ ಹಲಗೆಯ ತುದಿಯ ಮೇಲೆ ಇಟ್ಟು, ಅವುಗಳ ಅಂಚಿನಗುಂಟ ಚಾಕುವಿನಿಂದ ಗೀರಿದೆ. ಗೀರನ್ನು ಉಳಿಸಿ, ತೆಗೆಯಬೇಕಾದ ಕಡೆಯಿಂದ ಕೊಯ್ದೆ. ವಾರ ಕಳೆಯುವಷ್ಟರಲ್ಲಿ ಒಂದು ಮೂಲೆ ಕೂರಲು ಕೊಡತಿಯ ಪೆಟ್ಟು ಬೇಕಾಯಿತು, ಅಷ್ಟು ಬಿಗಿ. ಮಾವ ಖಾನೆಯ ಹಲಗೆ ಕೊಟ್ಟರು.

ಅಪ್ಪ ಬಂದ ದಿನ ಮಾವ ನನ್ನ ಖಾನೆಗೆ ಒಂದು ಹಿಡಿ ಗಸಗಸೆ ಸುರಿದು, ಅಪ್ಪನ ಹೆಗಲ ಮೇಲಿದ್ದ ಕೆಂಪು ವಲ್ಲಿಯನ್ನು ಹಾಸಿ ಅದರ ಮೇಲೆ ಇಟ್ಟು, ನಾಲ್ಕೂ ಕಡೆ ತಟ್ಟಿದರು. ಎತ್ತಿದಾಗ ಹಿಂದಿನ ಒಂದು ಮೂಲೆಯ ಕೆಳಗೆ ನಾಲ್ಕೈದು ಕಾಳು ಬಿದ್ದಿದ್ದವು. ಉಳಿದ ಮೂರರ ಕೆಳಗೆ ಏನೂ ಇರಲಿಲ್ಲ. ಅಪ್ಪ ಮೂಲೆಗಳನ್ನು ಹೆಬ್ಬೆರಳಿನಿಂದ ಸವರಿದರು. ಈಗ ಹೊಲಕ್ಕೆ ಆಳು ಸಿಗುವುದಿಲ್ಲ ಎಂದು ಮಾವನಿಗೆ ಹೇಳಿದರು. ನಾನು ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟತೊಡಗಿದೆ.

“ಎಲ್ಲಾ ಯಾಕ ಕಟ್ತಿ?” ಎಂದರು ಅಪ್ಪ ಬಾಗಿಲಲ್ಲಿ ನಿಂತು. “ಹಬ್ಬಕ್ಕ ಒಂದು ಜೋಡಿ ಸಾಕು.”