ನಾದಿನಿಯ ಪಥ್ಯ

ನನ್ನ ನಾದಿನಿ ಚೊಚ್ಚಲ ಹೆರಿಗೆಗೆಂದು ಭದ್ರಾವತಿಯಿಂದ ಶಿವಮೊಗ್ಗದ ಕೋಟೆ ಬೀದಿಯಲ್ಲಿದ್ದ ನಮ್ಮ ಮನೆಗೆ ಬಂದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಅವಳ ಗಂಡ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಗುಮಾಸ್ತ. ಹೆಣ್ಣು ಮಗು ಹುಟ್ಟಿತು. ಬಸುರಿನಲ್ಲಿ ತಿಂದದ್ದನ್ನೆಲ್ಲ ಕಕ್ಕಿ ಅವಳು ಸೊರಗಿದ್ದಳು, ಆದರೂ ಹೆರಿಗೆ ಸುಸೂತ್ರವಾಯಿತು ಎಂದು ನಾವು ನೆಮ್ಮದಿಯ ಉಸಿರು ಬಿಟ್ಟೆವು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವಳ ಎರಡೂ ಕೈಗಳ ಮೇಲ್ಭಾಗ ಬಿಸಿಲಿಗೆ ಸುಟ್ಟಂತೆ ಕೆಂಪಾಯಿತು.

ಆ ಮನೆಯ ಅಡುಗೆ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದರಲ್ಲಿ ನನ್ನ ಕೈಯೂ ಇತ್ತು.

ಅತ್ತೆ ಮಗಳ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಮೈಮೇಲೆ ಏನೇ ಎದ್ದರೂ ಅದರ ಬೇರು ಹೊಟ್ಟೆಯಲ್ಲಿ ಇರುತ್ತದೆ ಎನ್ನುವುದು ಅವರ ನಂಬಿಕೆ. ಅದು ಸುಳ್ಳಾಗಿದ್ದರೆ ನಾವು ಉಳಿದುಕೊಳ್ಳುತ್ತಿದ್ದೆವೋ ಏನೋ. ಅದು ಅರ್ಧ ನಿಜವಾಗಿತ್ತು, ಅದೇ ನಮ್ಮನ್ನು ಕೆಡಿಸಿತು. ಬೇರು ಹೊಟ್ಟೆಯಲ್ಲಿದೆ ಎಂದಮೇಲೆ ಹೊಟ್ಟೆಗೆ ಹೋಗುವುದನ್ನು ಕಡಿಮೆ ಮಾಡಬೇಕು, ಇಷ್ಟೇ ಅವರಿಗೆ ತೋಚಿದ್ದು.

ಬಾಣಂತಿಗೆ ಮೊದಲೇ ಪಥ್ಯ. ಬದನೆ, ಕುಂಬಳ, ನುಗ್ಗೆ ಎಲ್ಲ ನಂಜು, ಅಂದರೆ ಮೈ ಕೆಡಿಸುವ ಪದಾರ್ಥಗಳು. ಕೈ ಕೆಂಪಾದ ದಿನ ಮೊಸರು ನಿಂತಿತು. ಹೊಟ್ಟೆ ಸಡಿಲವಾದಾಗ ಬೇಳೆ ನಿಂತಿತು. ಕೆಂಪು ಹೋಗಿ ಕಪ್ಪಾಗಿ ಚರ್ಮ ಸಿಪ್ಪೆ ಏಳತೊಡಗಿದಾಗ ಹಾಲು, ಸೊಪ್ಪು ಎರಡೂ ಹೋದವು. ಕೊನೆಗೆ ಉಳಿದದ್ದು ಬಿಳಿ ಅನ್ನ, ಮೆಣಸಿನ ಸಾರು, ಯುದ್ಧದ ದೆಸೆಯಿಂದ ಹೆಸರಿಗೆ ಮಾತ್ರ ಒಂದು ಹನಿ ತುಪ್ಪ. ಇದು ಸಾಲದೆಂದು ಒಳಗಿನ ನಂಜು ತೊಳೆದುಹೋಗಲಿ ಅಂತ ವಾರಕ್ಕೊಮ್ಮೆ ಹರಳೆಣ್ಣೆ. ಭೇದಿಯಾಗುತ್ತಿದ್ದವಳಿಗೆ ಹರಳೆಣ್ಣೆ ಕುಡಿಸಿದ ಜಾಣರು ನಾವು.

ಕತ್ತಿನ ಸುತ್ತ ಕಪ್ಪು ಪಟ್ಟಿ ಬಂತು, ಸರ ಹಾಕಿದ ಹಾಗೆ. ನಾಲಿಗೆ ಕೆಂಪಗೆ ಬೆಂದಂತಾಯಿತು. ಮಗುವನ್ನು ನೋಡಲು ಬರುತ್ತಿದ್ದ ಹೆಂಗಸರು ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೋಗತೊಡಗಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಕುಷ್ಠ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅತ್ತೆ ಡಾಕ್ಟರನ್ನು ಕರೆಸದೆ ಇದ್ದದ್ದೂ ಅದೇ ಭಯಕ್ಕೆ. ಡಾಕ್ಟರ ಬಾಯಿಂದ ಆ ಮಾತು ಹೊರಬಿದ್ದರೆ ಅಳಿಯ ಹೆಂಡತಿಯನ್ನು ಕರೆದುಕೊಂಡು ಹೋಗುವುದಿಲ್ಲ. ಭಾನುವಾರ ಅವನು ರೈಲಿನಲ್ಲಿ ಬರುವ ಹೊತ್ತಿಗೆ ಅವಳಿಗೆ ಕತ್ತಿನ ತುಂಬ ಸೆರಗು ಹೊದಿಸಿ, ಕೈಗಳನ್ನು ಮಗುವಿನ ಬಟ್ಟೆಯೊಳಗೆ ಮುಚ್ಚಿ, ಕತ್ತಲ ಮೂಲೆಯಲ್ಲಿ ಕೂರಿಸುತ್ತಿದ್ದೆವು. ಅವನು ಬಾಗಿಲಿಂದಲೇ ನೋಡಿ, ನಕ್ಕು, ಹೊರಡುತ್ತಿದ್ದ.

ಒಂದು ಮಧ್ಯಾಹ್ನ ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ ನನಗೆ ತಡೆಯಲಾಗಲಿಲ್ಲ. ಒಂದು ಲೋಟ ಹಾಲು ಕಾಯಿಸಿ ಕೊಟ್ಟೆ. ಅವಳು ಒಂದೇ ಗುಟುಕಿಗೆ ಕುಡಿದು ಲೋಟದ ತಳವನ್ನು ಬೆರಳಿನಿಂದ ಬಳಿದಳು. ಸಂಜೆಯೊಳಗೆ ಐದು ಸಲ ಹಿತ್ತಿಲಿಗೆ ಓಡಿದಳು. ಅವಳ ಹೊಟ್ಟೆಗೆ ಆ ಹೊತ್ತಿಗೆ ಏನೂ ದಕ್ಕುತ್ತಿರಲಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಹಾಲಿನಿಂದಲೇ ಆಯಿತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಮಾರನೆಯ ದಿನದಿಂದ ಪಥ್ಯದಲ್ಲಿ ನಾನು ಅತ್ತೆಗಿಂತ ಬಿಗಿಯಾದೆ. ಅವಳು ಏನು ಕೇಳಿದರೂ ನಂಜು, ನಂಜು ಎಂದು ಗದರಿ, ಮಗುವಿಗೂ ತಗಲುತ್ತದೆ ಎಂದು ಹೆದರಿಸಿದೆ. ನಿಧಾನವಾಗಿ ಅವಳು ಕೇಳುವುದನ್ನೇ ಬಿಟ್ಟಳು. ಅದನ್ನು ನಾನು ಒಳ್ಳೆಯ ಲಕ್ಷಣ ಅಂದುಕೊಂಡೆ.

ಆಮೇಲೆ ಅವಳಿಗೆ ನಿದ್ದೆಯೇ ಬಾರದಾಯಿತು. ಗೋಡೆ ನೋಡುತ್ತ ಕೂರುತ್ತಿದ್ದಳು. ಒಂದು ಭಾನುವಾರ ಗಂಡನ ಎದುರಿಗೇ, ತನ್ನ ತೊಡೆಯ ಮೇಲಿದ್ದ ಮಗುವನ್ನು ತೋರಿಸಿ, ಇದು ಯಾರ ಮನೆ ಕೂಸು ಎಂದು ಕೇಳಿದಳು. ಅವನು ಒಳಗೆ ಬಂದು ಸೆರಗು ಸರಿಸಿದ. ಕತ್ತು ನೋಡಿದ. ಆಗಲೇ ಹೊರಟುಹೋದವನು ಮರುದಿನ ಭದ್ರಾವತಿಯಿಂದ ಪರಿಚಯದ ಡಾಕ್ಟರೊಬ್ಬರನ್ನು ಕರೆತಂದ.

ಡಾಕ್ಟರು ಕೈ, ಕತ್ತು, ನಾಲಿಗೆ ನೋಡಿ, ಊಟಕ್ಕೆ ಏನು ಕೊಡ್ತಿದ್ದೀರಿ ಎಂದು ಕೇಳಿದರು. ಅತ್ತೆ ಪಥ್ಯದ ಕಟ್ಟುನಿಟ್ಟನ್ನು ಹೆಮ್ಮೆಯಿಂದಲೇ ವಿವರಿಸಿದರು. ಡಾಕ್ಟರು ನನ್ನ ಕಡೆ ತಿರುಗಿ, ನಿಜವಾಗಿ ಎಲೆಗೆ ಏನು ಬೀಳುತ್ತದೆ ಎಂದು ಕೇಳಿದರು. ಅನ್ನ, ಸಾರು ಎಂದೆ.

"ಇದು ಅಂಟುರೋಗ ಅಲ್ಲಮ್ಮ," ಎಂದರು ಅವರು. "ಹೊಟ್ಟೆಗೆ ಬೇಕಾದ್ದು ಬಿದ್ದಿಲ್ಲ. ಬಿದ್ದಿದ್ದೂ ದಕ್ಕಿಲ್ಲ. ಚರ್ಮ ಅದನ್ನೇ ಹೇಳ್ತಾ ಇದೆ."

ಮಾತ್ರೆ ಕೊಟ್ಟರು. ಇವತ್ತಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಮೊಸರು, ಬೇಳೆ ಕಟ್ಟು, ಹಾಲು ಶುರುಮಾಡಿ, ತಡವಾಗಿದೆ ಎಂದರು. ನಾನು ಓಡಿಹೋಗಿ ಮೊಸರನ್ನ ಕಲಸಿ ತಂದು ತುತ್ತು ಮಾಡಿ ಅವಳ ಬಾಯಿಗೆ ಹಿಡಿದೆ. ಅವಳು ಹಲ್ಲು ಕಚ್ಚಿಕೊಂಡಳು. ಮಗು ಯಾರದೆಂದು ಮರೆತಿದ್ದವಳಿಗೆ ನಾನು ಕಲಿಸಿದ್ದು ಮಾತ್ರ ನೆನಪಿತ್ತು.

"ಬೇಡ ಅತ್ತಿಗೆ. ನಂಜು. ಮಗೂಗೆ ಆಗುತ್ತೆ."

ಅವಳ ದವಡೆ ಬಿಡಿಸಿ ಉಣಿಸಿದೆ. ಉಗಿದಳು. ಮತ್ತೆ ಉಣಿಸಿದೆ. ಮಾತ್ರೆಯನ್ನೂ ಹೀಗೇ ತುರುಕಿದೆ. ಹನ್ನೊಂದನೆಯ ದಿನ ಅವಳು ಹೋದಳು.

ಇಷ್ಟು ದಿನ ಬದುಕಿದ್ದವಳು ಡಾಕ್ಟರು ಮೊಸರು ಕೊಡಿಸಿದ ಮೇಲೆ ಹೋದಳು ಎಂದು ಕೋಟೆಯ ಬೀದಿ ತೀರ್ಮಾನಿಸಿತು. ಅತ್ತೆಯೂ ಹಾಗೇ ಹೇಳತೊಡಗಿದರು. ಅವರ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿತ್ತು, ಆದರೆ ಹಾಗೆ ಹೇಳದೆ ಅವರು ಬದುಕುವುದು ಹೇಗೆ ಎಂದೂ ಅನಿಸುತ್ತಿತ್ತು.

ಮುಂದಿನ ತಿಂಗಳು ಎದುರು ಮನೆಯವರ ಮಗಳು ಹೆರಿಗೆಗೆ ಬಂದಳು. ಹುಡುಗಿಯ ತಾಯಿ ನಮ್ಮ ಮನೆಗೆ ಬಂದು, ನೀನೇ ಅಡುಗೆ ಮಾಡಿ ಹಾಕಿದವಳು, ನಿನಗೆ ಗೊತ್ತಿರುತ್ತೆ ಎಂದು ನನ್ನ ಪಕ್ಕ ಕೂತರು.

"ಏನು ಕೊಡಬಾರದು ಹೇಳಮ್ಮ. ನನ್ನ ಮಗಳಿಗೆ ಹಾಗಾಗಬಾರದು."

ಡಾಕ್ಟರ ಮಾತು ನಾಲಿಗೆಯ ತುದಿಗೆ ಬಂತು. ಅತ್ತೆ ಅಲ್ಲೇ ಗೋಡೆಗೆ ಒರಗಿ, ಆ ತಬ್ಬಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು. ತಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಮೊಸರು ಕೊಡಬೇಡಿ," ಎಂದೆ.